ನಟ, ಕತ್ತರಿ, ಕಂತು: ಚೀನೀ ಧಾರಾವಾಹಿಗಳ ಅಭಿಮಾನಿ ಜಗಳಗಳ ಹಿಂದೆ ಇರುವುದೇನು?

ಕೊರಿಯಾದ ಧಾರಾವಾಹಿಗಳ ಬಾಗಿಲಿನಿಂದ ಒಳಬಂದು, ಅಲ್ಲಿಂದ ಚೀನಾದ ಅರಮನೆ ಕಥೆಗಳಿಗೂ ಖಡ್ಗವೀರರ ಕಥೆಗಳಿಗೂ ದಾಟಿದ ಪ್ರೇಕ್ಷಕರು ಈಗ ಕನ್ನಡಿಗರಲ್ಲೂ ಇದ್ದಾರೆ. ಕಥೆ ಹಿಡಿಸಿದ ಮೇಲೆ ಅದರ ಬಗ್ಗೆ ಉಳಿದವರು ಏನೆನ್ನುತ್ತಾರೆ ಎಂದು ಹುಡುಕ ಹೊರಟರೆ ಎದುರಾಗುವುದು ಮಾತ್ರ ಬೇರೆಯದೇ ಲೋಕ. ಪೋಸ್ಟರಿನಲ್ಲಿ ನಾಯಕಿಯ ಹೆಸರು ಎರಡನೆಯದಾಗಿ ಬಂತೆಂದು ಒಂದು ಗುಂಪು ಕೆರಳಿರುತ್ತದೆ. ಕಾದಂಬರಿಯಲ್ಲಿ ಪ್ರೇಮಿಗಳಾಗಿದ್ದವರು ತೆರೆಯ ಮೇಲೆ ಬರಿಯ ಗೆಳೆಯರಾದದ್ದು ಹೇಗೆ ಎಂದು ಇನ್ನೊಂದು ಗುಂಪು ಹೊಸಬರಿಗೆ ಬಿಡಿಸಿ ಹೇಳುತ್ತಿರುತ್ತದೆ. ಕಥೆಯನ್ನು ರಬ್ಬರಿನಂತೆ ಎಳೆದಿದ್ದಾರೆ, ನಾಯಕನ ದನಿ ಅವನದ್ದೇ ಅಲ್ಲ, ಹಿನ್ನೆಲೆಯ ಬೆಟ್ಟವೆಲ್ಲ ಗ್ರೀನ್ ಮ್ಯಾಟ್ (ಹಸಿರು ಪರದೆಯ ಜಾಗದಲ್ಲಿ ಕಂಪ್ಯೂಟರಿನಿಂದ ಕೂರಿಸಿದ್ದು) ಎಂಬ ದೂರುಗಳಂತೂ ಮುಗಿಯುವುದೇ ಇಲ್ಲ.

ಪಾತ್ರ ಹಂಚಿಕೆ, ಸೆನ್ಸಾರ್ ಮತ್ತು ಗುಣಮಟ್ಟ ಎಂಬ ಈ ಮೂರು ವಿಷಯಗಳನ್ನು ಹೊರಗಿನವರು ಬೇರೆ ಬೇರೆ ಜಗಳಗಳೆಂದು ತಿಳಿಯುವುದು ಸಹಜ. ಆದರೆ ಮೂರೂ ಹುಟ್ಟುವುದು ಒಂದೇ ಕಡೆ: ಚೀನಾದಲ್ಲಿ ಧಾರಾವಾಹಿಗೆ ಹಣ ಹೂಡುವುದು, ಚಿತ್ರೀಕರಿಸುವುದು, ಅನುಮತಿ ಪಡೆಯುವುದು ಮತ್ತು ಮಾರುವುದು ಯಾವ ಕ್ರಮದಲ್ಲಿ ನಡೆಯುತ್ತದೆ ಎಂಬಲ್ಲಿ. ಆ ಕ್ರಮವನ್ನು ತಿಳಿದರೆ ಜಗಳದ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ.

ಧಾರಾವಾಹಿ ತೆರೆಗೆ ಬರುವ ದಾರಿ

ಚೀನಾದಲ್ಲಿ ಧಾರಾವಾಹಿಗಳನ್ನು ಕೊಳ್ಳುವವರು ಎರಡು ಬಗೆಯವರು. ಒಂದು ಕಡೆ ಕೇಂದ್ರ ಸರ್ಕಾರದ ವಾಹಿನಿ ಸಿಸಿಟಿವಿ (ಚೀನಾ ಸೆಂಟ್ರಲ್ ಟೆಲಿವಿಷನ್) ಮತ್ತು ಹುನಾನ್, ಝೆಜಿಯಾಂಗ್ ಮೊದಲಾದ ಪ್ರಾಂತ್ಯಗಳ ಉಪಗ್ರಹ ವಾಹಿನಿಗಳು. ಇನ್ನೊಂದು ಕಡೆ ಇಂಟರ್‌ನೆಟ್ ವೇದಿಕೆಗಳು: ಬೈದು ಕಂಪನಿಯ ಐಚಿಯಿ, ಅಲಿಬಾಬಾದ ಯೂಕು, ಟೆನ್ಸೆಂಟ್ ವಿಡಿಯೊ ಮತ್ತು ಹುನಾನ್ ಪ್ರಸಾರ ಸಮೂಹದ ಮ್ಯಾಂಗೊ ಟಿವಿ. ಎರಡರ ಮೇಲೂ ಕಣ್ಣಿಟ್ಟಿರುವುದು ರಾಷ್ಟ್ರೀಯ ರೇಡಿಯೊ ಮತ್ತು ಟೆಲಿವಿಷನ್ ಆಡಳಿತ. 2018ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆಯನ್ನು ಮುಂದೆ 'ಪ್ರಸಾರ ಆಡಳಿತ' ಎಂದಷ್ಟೇ ಕರೆಯೋಣ.

ನಿರ್ಮಾಪಕರು ಮೊದಲು ಧಾರಾವಾಹಿಯ ಹೆಸರು, ಕಂತುಗಳ ಸಂಖ್ಯೆ ಮತ್ತು ಕಥಾಸಾರವನ್ನು ನೋಂದಾಯಿಸಬೇಕು. ಹೀಗೆ ನೋಂದಣಿಯಾದವುಗಳ ಪಟ್ಟಿಯನ್ನು ಪ್ರಸಾರ ಆಡಳಿತವು ಪ್ರಕಟಿಸುತ್ತದೆ, ಮತ್ತು ಅಭಿಮಾನಿಗಳು ಆ ಪಟ್ಟಿಯನ್ನು ಪರೀಕ್ಷೆಯ ಫಲಿತಾಂಶ ನೋಡುವಂತೆ ಕಾದು ನೋಡುತ್ತಾರೆ. ಆಮೇಲೆ ಚಿತ್ರೀಕರಣ, ಸಂಕಲನ, ಡಬ್ಬಿಂಗ್. ಎಲ್ಲ ಕಂತುಗಳೂ ಸಿದ್ಧವಾದ ಬಳಿಕ ಅವುಗಳನ್ನು ಪರಿಶೀಲನೆಗೆ ಒಪ್ಪಿಸಿ ವಿತರಣಾ ಪರವಾನಗಿ ಪಡೆಯಬೇಕು. ಪೊಲೀಸ್, ಸೇನೆ, ಧರ್ಮ, ವಿದೇಶಾಂಗ ಮುಂತಾದ ವಿಷಯಗಳಿದ್ದರೆ ಆಯಾ ಇಲಾಖೆಗಳ ಅಭಿಪ್ರಾಯವೂ ಬೇಕಾಗುತ್ತದೆ. ಇಂಟರ್‌ನೆಟ್‌ಗಾಗಿಯೇ ತಯಾರಾದ ಧಾರಾವಾಹಿಗಳಿಗೆ ಬಹಳ ಕಾಲ ಇಷ್ಟು ಬಿಗಿಯಿರಲಿಲ್ಲ. 2022ರ ಜೂನ್ 1ರಿಂದ ಅವುಗಳಿಗೂ ಪ್ರತ್ಯೇಕ ವಿತರಣಾ ಪರವಾನಗಿ ಜಾರಿಗೆ ಬಂತು.

ನಮ್ಮ ದಿನವಹಿ ಧಾರಾವಾಹಿಗಳೊಂದಿಗೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಕನ್ನಡದ ಧಾರಾವಾಹಿ ಪ್ರಸಾರವಾಗುತ್ತಿರುವಾಗಲೇ ಮುಂದಿನ ಕಂತುಗಳ ಚಿತ್ರೀಕರಣ ನಡೆದಿರುತ್ತದೆ. ಟಿಆರ್‌ಪಿ ಬಿದ್ದರೆ ಕಥೆ ತಿರುಗುತ್ತದೆ, ನಾಯಕಿ ಬಿಟ್ಟುಹೋದರೆ ಮರುವಾರ ಅದೇ ಪಾತ್ರದಲ್ಲಿ ಇನ್ನೊಬ್ಬರು ಬರುತ್ತಾರೆ, ಮನೆಮಂದಿ ಎರಡು ದಿನ ಗೊಣಗಿ ಒಗ್ಗಿಕೊಳ್ಳುತ್ತಾರೆ. ಚೀನಾದಲ್ಲಿ ಇದು ಆಗದ ಮಾತು. ಮೊದಲ ಕಂತು ಪ್ರಸಾರವಾಗುವ ಹೊತ್ತಿಗೆ ಕೊನೆಯ ಕಂತಿನ ಚಿತ್ರೀಕರಣ ಮುಗಿದು ಎಷ್ಟೋ ವೇಳೆ ವರ್ಷ ದಾಟಿರುತ್ತದೆ. ಆದ್ದರಿಂದ ಪಾತ್ರಕ್ಕೆ ನಟರನ್ನು ಆರಿಸುವುದೆಂದರೆ ಎಲ್ಲಕ್ಕಿಂತ ಮೊದಲು ಆಡುವ, ಆಮೇಲೆ ಹಿಂತೆಗೆಯಲಾಗದ ಜೂಜು. ಅಂತಿಮ ಪರಿಶೀಲನೆ ನಡೆಯುವುದಾದರೋ ಹಣವೆಲ್ಲ ಖರ್ಚಾದ ಮೇಲೆ. ಮುಂದೆ ಹೇಳುವುದೆಲ್ಲ ಈ ಎರಡು ಸಂಗತಿಗಳಿಂದಲೇ ಹೊರಡುತ್ತದೆ.

ಪಾತ್ರ ಯಾರಿಗೆ ಸಿಗುತ್ತದೆ

ವೇದಿಕೆಗಳು ಕೈಗೆತ್ತಿಕೊಳ್ಳುವ ಯೋಜನೆಗಳಿಗೆ ಎಸ್ ಪ್ಲಸ್, ಎಸ್, ಎ, ಬಿ ಎಂಬ ದರ್ಜೆಗಳನ್ನು ಕೊಡುತ್ತವೆ. ದರ್ಜೆ ಏರಿದಂತೆ ಬಂಡವಾಳವೂ ಪ್ರಚಾರವೂ ಏರುತ್ತವೆ. ಆ ದರ್ಜೆಯನ್ನು ಗೊತ್ತುಮಾಡುವಾಗ ಮೂಲ ಕಾದಂಬರಿಗೆ ಎಷ್ಟು ಓದುಗರಿದ್ದರು ಮತ್ತು ನಾಯಕ ನಾಯಕಿಯರಿಗೆ ಎಷ್ಟು ಹಿಂಬಾಲಕರಿದ್ದಾರೆ ಎಂಬ ಎರಡು ಲೆಕ್ಕಗಳು ಬಹಳ ತೂಗುತ್ತವೆ. ಅಭಿಮಾನಿಗಳ ದೊಡ್ಡ ಪಡೆಯನ್ನು ಬೆನ್ನಿಗಿಟ್ಟುಕೊಂಡಿರುವ ನಟರನ್ನು ಚೀನಾದಲ್ಲಿ 'ಟ್ರಾಫಿಕ್ ತಾರೆ'ಗಳು ಎನ್ನುತ್ತಾರೆ. ಇಂಥ ತಾರೆ ಒಪ್ಪಿಕೊಂಡರೆ ಧಾರಾವಾಹಿ ಇನ್ನೂ ಕಾಗದದ ಮೇಲಿರುವಾಗಲೇ ಜಾಹೀರಾತುದಾರರು ಮುಂದೆ ಬರುತ್ತಾರೆ.

ಹೀಗಾಗಿ ಅಭಿಮಾನಿಗೆ ತಾನು ಬರಿಯ ಪ್ರೇಕ್ಷಕ ಎನ್ನಿಸುವುದಿಲ್ಲ. ತನ್ನ ನಟನ ಮುಂದಿನ ಅವಕಾಶ ತನ್ನ ಕೈಯಲ್ಲಿದೆ ಎಂದೇ ಅನ್ನಿಸುತ್ತದೆ, ಮತ್ತು ಅದು ಪೂರ್ತಿ ಸುಳ್ಳೂ ಅಲ್ಲ. ಮೊದಲ ಕಂತಿನಲ್ಲಿ ಎಷ್ಟು ಜಾಹೀರಾತುಗಳು ಬಂದವು ಎಂದು ಅಭಿಮಾನಿಗಳು ಕೂತು ಎಣಿಸುತ್ತಾರೆ, ಏಕೆಂದರೆ ಆ ಸಂಖ್ಯೆಯೇ ನಟನ ಮಾರುಕಟ್ಟೆ ಬೆಲೆಯ ಗುರುತು. ಐಚಿಯಿ 2018ರ ಸೆಪ್ಟೆಂಬರಿನಲ್ಲಿ ವೀಕ್ಷಣೆಗಳ ಸಂಖ್ಯೆಯನ್ನು ತೋರಿಸುವುದನ್ನೇ ನಿಲ್ಲಿಸಿ ಅದರ ಬದಲು 'ಬಿಸಿ ಸೂಚ್ಯಂಕ' ಎಂಬುದನ್ನು ತಂದಿತು. ಖೊಟ್ಟಿ ವೀಕ್ಷಣೆಗಳ ಹಾವಳಿಗೆ ಕಡಿವಾಣ ಹಾಕುವುದು ಇದರ ಉದ್ದೇಶವಾಗಿತ್ತು. ಆದದ್ದೇನೆಂದರೆ, ಆ ಸೂಚ್ಯಂಕ 10,000 ದಾಟಿತೇ ಇಲ್ಲವೇ ಎಂಬುದೇ ಹೊಸ ಪಂದ್ಯವಾಯಿತು.

ಈ ಲೆಕ್ಕಾಚಾರದಲ್ಲಿ ನಟರ ಸಂಭಾವನೆ ಹುಚ್ಚೆದ್ದು ಏರಿದ್ದನ್ನು ಸರ್ಕಾರವೂ ಉದ್ಯಮವೂ ಗಮನಿಸಿದವು. ತಾರಾಗಣದ ಒಟ್ಟು ಸಂಭಾವನೆ ನಿರ್ಮಾಣ ವೆಚ್ಚದ ಶೇ 40ನ್ನು ಮೀರಬಾರದು, ಅದರಲ್ಲಿ ಮುಖ್ಯ ನಟರ ಪಾಲು ಶೇ 70ನ್ನು ಮೀರಬಾರದು ಎಂಬ ಮಿತಿ 2017ರಲ್ಲಿ ಬಂತು. 2018ರ ಆಗಸ್ಟಿನಲ್ಲಿ ಮೂರು ದೊಡ್ಡ ವೇದಿಕೆಗಳು ಮತ್ತು ಆರು ನಿರ್ಮಾಣ ಸಂಸ್ಥೆಗಳು ಸೇರಿ ಒಬ್ಬ ನಟನಿಗೆ ಒಂದು ಕಂತಿಗೆ 10 ಲಕ್ಷ ಯುವಾನ್, ಒಂದು ಧಾರಾವಾಹಿಗೆ ಒಟ್ಟು 5 ಕೋಟಿ ಯುವಾನ್ ಗರಿಷ್ಠ ಎಂದು ಘೋಷಿಸಿದವು. ಆದರೆ ಮೂರು ವರ್ಷಗಳ ಬಳಿಕ, 2021ರ ಆಗಸ್ಟಿನಲ್ಲಿ, ನಟಿ ಝೆಂಗ್ ಶುವಾಂಗ್ ಅವರಿಗೆ ತೆರಿಗೆ ವಂಚನೆಗಾಗಿ 29.9 ಕೋಟಿ ಯುವಾನ್ ಕಟ್ಟುವಂತೆ ಆದೇಶವಾದಾಗ, ಒಂದೇ ಧಾರಾವಾಹಿಗೆ ಅವರೊಂದಿಗೆ ಆಗಿದ್ದ ಒಪ್ಪಂದ 16 ಕೋಟಿ ಯುವಾನ್ ಎಂಬುದು ಬಯಲಾಯಿತು. ಮಿತಿ ಹಾಳೆಯ ಮೇಲಿತ್ತು, ಮಾರುಕಟ್ಟೆ ಬೇರೆಡೆಗೆ ನಡೆದಿತ್ತು.

ತಾರೆಗೆ ಇಷ್ಟು ಹಣ ಹೋದರೆ ಕಥೆಗೆ, ಉಡುಪಿಗೆ, ಸೆಟ್ಟಿಗೆ ಉಳಿಯುವುದೆಷ್ಟು ಎಂಬ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. ಅಭಿಮಾನಿ ಪಡೆಯಿಲ್ಲದ, ಆದರೆ ನುರಿತ ನಟರ ಪರವಾಗಿ ಸಾಮಾನ್ಯ ಪ್ರೇಕ್ಷಕರು ವಾದಿಸುವಾಗ ಹೆಚ್ಚಾಗಿ ಎತ್ತುವ ಉದಾಹರಣೆ 2023ರ ಜನವರಿಯಲ್ಲಿ ಬಂದ 'ದಿ ನಾಕ್ಔಟ್'. ಮೀನು ಮಾರುವವನೊಬ್ಬ ಭೂಗತ ದೊರೆಯಾಗಿ ಬೆಳೆಯುವ ಪಾತ್ರವನ್ನು ಅದರಲ್ಲಿ ಮಾಡಿದ್ದು ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರಗಳಲ್ಲೇ ಕಳೆದಿದ್ದ ಝಾಂಗ್ ಸಾಂಗ್ವೆನ್. ಆ ವರ್ಷ ಚೀನಾದಲ್ಲಿ ಅತಿ ಹೆಚ್ಚು ಮಾತಿಗೆ ಬಂದ ಧಾರಾವಾಹಿಗಳಲ್ಲಿ ಅದೂ ಒಂದು.

ಪೋಸ್ಟರ್ ಮೇಲಿನ ಜಾಗ

ಹೊರಗಿನವರಿಗೆ ತೀರ ಬಾಲಿಶವಾಗಿ ಕಾಣುವ ಜಗಳವೆಂದರೆ ಹೆಸರಿನ ಕ್ರಮದ್ದು. ಮೊದಲ ಹೆಸರು ಯಾರದು, ಎರಡನೆಯದು ಯಾರದು ಎಂಬುದು ನಟರ ಮುಂದಿನ ಒಪ್ಪಂದದಲ್ಲಿ ಪುರಾವೆಯಾಗಿ ಬಳಕೆಯಾಗುತ್ತದೆ. ಆದ್ದರಿಂದ ಇಬ್ಬರು ಸಮಾನ ತೂಕದ ತಾರೆಗಳಿದ್ದಾಗ ಪೋಸ್ಟರ್ ವಿನ್ಯಾಸವೇ ಒಂದು ಸಂಧಾನ. ಎಡಗಡೆಯ ಹೆಸರನ್ನು ಒಂದೆಳೆ ಕೆಳಗಿಟ್ಟು ಬಲಗಡೆಯದನ್ನು ಒಂದೆಳೆ ಮೇಲಿಡುವುದು ಇದಕ್ಕೆ ಸಿಕ್ಕಿರುವ ಉಪಾಯ: ಎಡದಿಂದ ಓದುವವರಿಗೆ ಒಬ್ಬರು ಮೊದಲು, ಮೇಲಿನಿಂದ ಓದುವವರಿಗೆ ಇನ್ನೊಬ್ಬರು ಮೊದಲು. ಇಬ್ಬರ ಮುಖಗಳ ಗಾತ್ರವನ್ನೂ ಅಭಿಮಾನಿಗಳು ಅಳೆಯುತ್ತಾರೆಂದರೆ ಅದು ಉತ್ಪ್ರೇಕ್ಷೆಯಲ್ಲ.

ಇಲ್ಲಿ ಯಾರು ಯಾರ ಎದುರು ನಿಂತಿದ್ದಾರೆ ಎಂಬುದನ್ನೂ ತಿಳಿದಿರಬೇಕು. ಒಬ್ಬ ನಟನನ್ನು ಮಾತ್ರ ಆರಾಧಿಸುವ 'ಒಂಟಿ ಅಭಿಮಾನಿ'ಗಳಿಗೆ ಜೊತೆನಟಿ ತಮ್ಮವನ ಬೆಳಕನ್ನು ಕದಿಯುವವಳಾಗಿ ಕಾಣುತ್ತಾಳೆ. ಇಬ್ಬರ ಜೋಡಿಯನ್ನೇ ಮೆಚ್ಚುವ 'ಜೋಡಿ ಅಭಿಮಾನಿ'ಗಳಿಗೆ ಒಂಟಿ ಅಭಿಮಾನಿಗಳೇ ಶತ್ರುಗಳು. ಕಾದಂಬರಿಯನ್ನು ಮೊದಲೇ ಓದಿದವರಿಗೆ ಇವರಿಬ್ಬರೂ ಬೇಡ. ಅವರ ಮನಸ್ಸಿನಲ್ಲಿರುವ ನಾಯಕನ ಮುಖ ಯಾವ ನಟನಿಗೂ ಹೊಂದುವುದಿಲ್ಲ. ಯಾವ ಗುಂಪಿಗೂ ಸೇರದವರನ್ನು 'ದಾರಿಹೋಕರು' ಎನ್ನುತ್ತಾರೆ. ಪ್ರತಿ ಗುಂಪೂ ತನ್ನ ವಾದವನ್ನು ದಾರಿಹೋಕರ ವೇಷದಲ್ಲಿ ಮಂಡಿಸಲು ಹವಣಿಸುವುದರಿಂದ, 'ನಾನು ಯಾರ ಅಭಿಮಾನಿಯೂ ಅಲ್ಲ, ಆದರೂ ಹೇಳುತ್ತೇನೆ' ಎಂದು ಶುರುವಾಗುವ ಬರಹವನ್ನು ಅನುಭವಿಗಳು ನಂಬುವುದಿಲ್ಲ.

ವಯಸ್ಸು ಮತ್ತು ದನಿ

ಚೀನೀ ಐತಿಹಾಸಿಕ ಧಾರಾವಾಹಿಗಳಲ್ಲಿ ಕಥೆ ಹದಿಹರೆಯದಿಂದ ಮುಪ್ಪಿನವರೆಗೆ ಸಾಗುವುದುಂಟು, ಮತ್ತು ಅಷ್ಟನ್ನೂ ಒಬ್ಬರೇ ಅಭಿನಯಿಸುವುದೂ ಉಂಟು. 2021ರ ಜನವರಿಯಲ್ಲಿ ಬಂದ 'ದಿ ರೆಬೆಲ್ ಪ್ರಿನ್ಸೆಸ್'ನಲ್ಲಿ 41 ವಯಸ್ಸಿನ ಝಾಂಗ್ ಝಿಯಿ 15ರ ಹುಡುಗಿಯಾಗಿ ಕಾಣಿಸಿಕೊಂಡಾಗ ಭಾರೀ ಚರ್ಚೆಯಾಯಿತು. ಅದಕ್ಕೂ ಮೊದಲು, 2018ರಲ್ಲಿ, 'ರೂಯೀಸ್ ರಾಯಲ್ ಲವ್ ಇನ್ ದಿ ಪ್ಯಾಲೇಸ್'ನ ಆರಂಭದ ಕಂತುಗಳಲ್ಲಿ ಝೌ ಶುನ್ ಅವರ ವಿಷಯದಲ್ಲೂ ಇದೇ ಆಗಿತ್ತು. ನಟನೆ ಸೊಗಸಾಗಿದ್ದರೆ ವಯಸ್ಸೇಕೆ ಎನ್ನುವವರು ಒಂದು ಕಡೆ, ಕಿರಿಯ ನಟಿಯೊಬ್ಬಳಿಗೆ ಆ ಆರಂಭದ ಕಂತುಗಳನ್ನು ಕೊಡಬಹುದಿತ್ತಲ್ಲ ಎನ್ನುವವರು ಇನ್ನೊಂದು ಕಡೆ. ಕೊಡದಿರಲು ಕಾರಣ ಮೇಲೆ ಹೇಳಿದ್ದೇ: ಮೊದಲ ಕಂತಿನಲ್ಲಿ ತಾರೆ ಕಾಣದಿದ್ದರೆ ಧಾರಾವಾಹಿಯನ್ನು ಕೊಂಡವರಿಗೆ ಕಸಿವಿಸಿ.

ದನಿಯ ಪ್ರಶ್ನೆ ಇನ್ನೂ ವಿಶಿಷ್ಟವಾದದ್ದು. ಹೊಸಬರಿಗೆ ಇದು ತಿಳಿದಾಗ ಆಘಾತವೇ ಆಗುತ್ತದೆ: ಬಹಳಷ್ಟು ಐತಿಹಾಸಿಕ ಧಾರಾವಾಹಿಗಳಲ್ಲಿ ಕೇಳುವ ದನಿ ತೆರೆಯ ಮೇಲಿನ ನಟರದ್ದಲ್ಲ. 2011ರ 'ಎಂಪ್ರೆಸಸ್ ಇನ್ ದಿ ಪ್ಯಾಲೇಸ್'ನಲ್ಲಿ ಸುನ್ ಲಿ ಮಾಡಿದ ಝೆನ್ ಹುವಾನ್ ಪಾತ್ರಕ್ಕೆ ಕಂಠದಾನ ಮಾಡಿದವರು ಜಿ ಗುವಾನ್‌ಲಿನ್. ಇದಕ್ಕೆ ಕಾರಣಗಳು ಹಲವು. ಝೆಜಿಯಾಂಗ್ ಪ್ರಾಂತ್ಯದ ಹೆಂಗ್‌ಡಿಯನ್ ಸ್ಟುಡಿಯೊದಲ್ಲಿ ಒಂದೇ ಸಮಯಕ್ಕೆ ಹಲವು ತಂಡಗಳು ಕೆಲಸ ಮಾಡುತ್ತಿರುವುದರಿಂದ ಸ್ಥಳದಲ್ಲೇ ಶುದ್ಧ ಧ್ವನಿ ಹಿಡಿಯುವುದು ಕಷ್ಟ. ಬೇರೆ ಬೇರೆ ಪ್ರಾಂತ್ಯಗಳಿಂದಲೂ ತೈವಾನ್, ಹಾಂಗ್‌ಕಾಂಗ್‌ಗಳಿಂದಲೂ ಬಂದ ನಟರ ಉಚ್ಚಾರಣೆಯನ್ನು ಒಂದೇ ಶಿಷ್ಟ ಮ್ಯಾಂಡರಿನ್‌ಗೆ ತರಬೇಕು. ಪರಿಶೀಲನೆಯಲ್ಲಿ ಮಾತು ಬದಲಿಸಲು ಹೇಳಿದರೆ ಡಬ್ಬಿಂಗ್ ಕಲಾವಿದರು ಸುಲಭವಾಗಿ ಸಿಗುತ್ತಾರೆ. ನಟನ ಸ್ವಂತ ದನಿಯಿದ್ದರೆ ಅಭಿಮಾನಿಗಳು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇಲ್ಲದಿದ್ದರೆ ಎದುರಾಳಿಗಳು 'ಅರ್ಧ ನಟನೆ' ಎಂದು ಚುಚ್ಚುತ್ತಾರೆ. ಕಂಠದಾನ ಕಲಾವಿದರಿಗೇ ಈಗ ಅಭಿಮಾನಿ ಪಡೆಗಳಿವೆ ಎಂಬುದು ಇದರ ಇನ್ನೊಂದು ಮಗ್ಗುಲು.

ವಯೋವರ್ಗವಿಲ್ಲದ ಕತ್ತರಿ

ಭಾರತದಲ್ಲಿ ಸಿನಿಮಾಗೆ ಯು, ಯು/ಎ, ಎ ಎಂಬ ಪ್ರಮಾಣಪತ್ರಗಳಿವೆ, ಒಟಿಟಿಗಳಿಗೆ 2021ರ ನಿಯಮಗಳ ಪ್ರಕಾರ ವಯೋವರ್ಗಗಳಿವೆ. ಚೀನಾದಲ್ಲಿ ಇಂಥ ವರ್ಗೀಕರಣವೇ ಇಲ್ಲ. 'ಇದು ವಯಸ್ಕರಿಗೆ ಮಾತ್ರ' ಎಂದು ಹೇಳಿ ಪಾರಾಗುವ ದಾರಿ ಇಲ್ಲದ ಕಾರಣ, ಅನುಮತಿ ಪಡೆದದ್ದೆಲ್ಲವೂ ಎಲ್ಲ ವಯಸ್ಸಿನವರಿಗೂ ತಕ್ಕದ್ದಾಗಿರಬೇಕಾಗುತ್ತದೆ. ಸೆನ್ಸಾರ್ ಕುರಿತ ವಾದಗಳಲ್ಲಿ ಹೆಚ್ಚಿನವರು ಗಮನಿಸದ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು.

ಎರಡನೆಯ ಸಂಗತಿ, ಒಂದು ಧಾರಾವಾಹಿಯಲ್ಲಿ ಏನನ್ನು ಏಕೆ ತೆಗೆದರು ಎಂಬುದನ್ನು ಸಾರ್ವಜನಿಕವಾಗಿ ಹೇಳುವ ಪದ್ಧತಿ ಇಲ್ಲ. ಕಾರಣ ತಿಳಿಯದಿದ್ದಾಗ ಊಹೆ ಬೆಳೆಯುತ್ತದೆ. 'ದಿ ನಾಕ್ಔಟ್' ಪ್ರಸಾರವಾದಾಗ ಹಲವು ಕಡೆ ತುಟಿಯ ಚಲನೆಗೂ ಕೇಳುವ ಮಾತಿಗೂ ತಾಳೆಯಿಲ್ಲ ಎಂದು ಪ್ರೇಕ್ಷಕರು ಕಂಡುಕೊಂಡರು. ತುಟಿಯನ್ನೇ ನೋಡಿ ಮೂಲ ಮಾತು ಏನಿದ್ದಿರಬಹುದೆಂದು ಓದುವುದು ಒಂದು ಆಟವೇ ಆಯಿತು. ಪೊಲೀಸರು, ಅಧಿಕಾರಿಗಳು, ಭ್ರಷ್ಟಾಚಾರ ಎಲ್ಲವೂ ಇದ್ದ ಕಥೆಯದು.

ಕಥೆಗಾರರು ನಿಷೇಧವನ್ನು ಸುತ್ತಿಬಳಸಿ ಹೋಗುವ ಬಗೆಗಳು ಮಾತ್ರ ಬಹಳ ಸ್ವಾರಸ್ಯಕರ. 2011ರಲ್ಲಿ ಕಾಲಯಾನದ ಧಾರಾವಾಹಿಗಳು ಒಂದರ ಹಿಂದೊಂದು ಗೆದ್ದಾಗ, ಅವು ಇತಿಹಾಸವನ್ನು ಹಗುರವಾಗಿ ಕಾಣುತ್ತವೆ ಎಂದು ಆಗಿನ ಪ್ರಸಾರ ಆಡಳಿತ ಟೀಕಿಸಿತು. 2019ರಲ್ಲಿ ಬಂದ 'ಜಾಯ್ ಆಫ್ ಲೈಫ್'ನ ಮೂಲ ಕಾದಂಬರಿಯಲ್ಲಿ ಈ ಕಾಲದವನೊಬ್ಬ ಸತ್ತು ಬೇರೊಂದು ಲೋಕದಲ್ಲಿ ಮಗುವಾಗಿ ಕಣ್ತೆರೆಯುತ್ತಾನೆ. ಧಾರಾವಾಹಿಯಲ್ಲಿ ಇದಕ್ಕೆ ಒಂದು ಹೊರ ಚೌಕಟ್ಟು ಸೇರಿಕೊಂಡಿದೆ: ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ತನ್ನ ಪ್ರಾಧ್ಯಾಪಕರಿಗೆ ಒಪ್ಪಿಸಲು ಬರೆಯುತ್ತಿರುವ ಕಥೆ ಇದು. ಅಂದರೆ ಯಾರೂ ಕಾಲಯಾನ ಮಾಡಿಲ್ಲ, ಒಬ್ಬ ಹುಡುಗ ಕಥೆ ಬರೆದಿದ್ದಾನೆ ಅಷ್ಟೆ. 2018ರ 'ಗಾರ್ಡಿಯನ್'ನಲ್ಲಿ ಇನ್ನೂ ದೊಡ್ಡ ಮಾರ್ಪಾಟು. ಮೂಲದಲ್ಲಿ ಪಾತಾಳ, ಪ್ರೇತ, ಯಮದೂತರಿದ್ದ ಕಥೆ ತೆರೆಯ ಮೇಲೆ ಬೇರೊಂದು ಗ್ರಹದಲ್ಲಿ ನಡೆಯುವ ಅನ್ಯಜೀವಿಗಳ ಕಥೆಯಾಯಿತು, ಏಕೆಂದರೆ ಇಂದಿನ ನಗರದಲ್ಲಿ ದೆವ್ವ ತಿರುಗಾಡುವುದು ಮೂಢನಂಬಿಕೆಯ ಪ್ರಚಾರವೆನಿಸುತ್ತದೆ. '1949ರ ನಂತರ ಯಾವ ಪ್ರಾಣಿಗೂ ಮನುಷ್ಯರೂಪ ತಾಳಲು ಅನುಮತಿಯಿಲ್ಲ' ಎಂಬುದು ಚೀನೀ ಪ್ರೇಕ್ಷಕರ ನಡುವೆ ಹಳೆಯ ಚಟಾಕಿ. ಇಷ್ಟಾದರೂ ಆ ಧಾರಾವಾಹಿಯನ್ನು ಯೂಕು ಆ ವರ್ಷದ ಆಗಸ್ಟಿನಲ್ಲಿ ಕೆಲಕಾಲ ಹಿಂತೆಗೆದುಕೊಂಡಿತು.

ಗಂಡುಗಳಿಬ್ಬರ ಪ್ರೇಮದ ಕಾದಂಬರಿಗಳ ವಿಷಯದಲ್ಲಿ ಈ ಹಗ್ಗಜಗ್ಗಾಟ ಅತಿ ತೀವ್ರವಾಗಿತ್ತು. 2016ರ ಫೆಬ್ರವರಿಯಲ್ಲಿ 'ಅಡಿಕ್ಟೆಡ್' ಎಂಬ ಧಾರಾವಾಹಿ ಕೆಲವೇ ಕಂತು ಬಾಕಿಯಿರುವಾಗ ವೇದಿಕೆಗಳಿಂದ ಮಾಯವಾಯಿತು. 2017ರ ಜೂನ್‌ನಲ್ಲಿ ಚೀನಾದ ಇಂಟರ್‌ನೆಟ್ ಪ್ರಸಾರ ಸಂಘದ ನಿಯಮಾವಳಿಯು ಸಲಿಂಗ ಪ್ರೇಮವನ್ನು ತೋರಿಸಬಾರದ ವಿಷಯಗಳ ಸಾಲಿಗೆ ಸೇರಿಸಿತು. ಆದರೆ ಇಂಥ ಕಾದಂಬರಿಗಳಿಗಿದ್ದ ಓದುಗರ ಸಂಖ್ಯೆಯನ್ನು ಬಿಟ್ಟುಕೊಡಲು ವೇದಿಕೆಗಳಿಗೆ ಮನಸ್ಸಿರಲಿಲ್ಲ. ಪ್ರೇಮವನ್ನು ಗಾಢ ಸ್ನೇಹವಾಗಿಸಿ, ಉಳಿದದ್ದನ್ನು ನೋಟಕ್ಕೆ, ಕೊಳಲಿಗೆ, ಮೌನಕ್ಕೆ ಬಿಟ್ಟು ಚಿತ್ರಿಸುವ ದಾರಿ ಹುಟ್ಟಿತು. 2019ರ ಜೂನ್ 27ರಂದು ಟೆನ್ಸೆಂಟ್‌ನಲ್ಲಿ ಆರಂಭವಾದ 50 ಕಂತುಗಳ 'ದಿ ಅನ್‌ಟೇಮ್ಡ್' ಇದರ ಶಿಖರ. ಶಿಯಾವ್ ಝಾನ್ ಮತ್ತು ವಾಂಗ್ ಯಿಬೊ ಅದರಿಂದ ದೇಶದ ಅಗ್ರ ತಾರೆಗಳಾದರು. 2021ರಲ್ಲಿ 'ವರ್ಡ್ ಆಫ್ ಆನರ್' ಕೂಡ ಗೆದ್ದಿತು. ಆದರೆ ಅದೇ ವರ್ಷದ ಸೆಪ್ಟೆಂಬರ್ 2ರಂದು ಪ್ರಸಾರ ಆಡಳಿತವು ಹೊರಡಿಸಿದ ಸೂಚನೆಯಲ್ಲಿ ಗಂಡಸರ 'ಹೆಣ್ಣಿಗ' ಸೌಂದರ್ಯಾಭಿರುಚಿಯನ್ನು ಕೊನೆಗಾಣಿಸಬೇಕೆಂಬ ಮಾತು ಬಂತು, ಮತ್ತು ಸಿದ್ಧವಾಗಿ ಕಾದಿದ್ದ ಈ ಬಗೆಯ ಧಾರಾವಾಹಿಗಳು ಪೆಟ್ಟಿಗೆಯಲ್ಲೇ ಉಳಿದವು. ಲುವೊ ಯುನ್‌ಶಿ ಮತ್ತು ಚೆನ್ ಫೇಯೂ ನಟಿಸಿದ 'ಇಮ್ಮಾರ್ಟಾಲಿಟಿ' ಅವುಗಳಲ್ಲಿ ಹೆಸರಾಂತದ್ದು.

ಕತ್ತರಿ ಬೀಳುವುದು ದೃಶ್ಯಗಳಿಗೆ ಮಾತ್ರವಲ್ಲ, ವೇಳಾಪಟ್ಟಿಗೂ ಹೌದು. 2018ರಲ್ಲಿ ಅರಮನೆಯ ಒಳಜಗಳದ ಕಥೆಗಳು ದೇಶವನ್ನೇ ಆವರಿಸಿದ ಮೇಲೆ, 2019ರ ಆರಂಭದಲ್ಲಿ ಬೀಜಿಂಗ್‌ನ ಸರ್ಕಾರಿ ಪತ್ರಿಕೆಯೊಂದು ಅವುಗಳ 'ದುಷ್ಪರಿಣಾಮ'ಗಳನ್ನು ಪಟ್ಟಿ ಮಾಡಿತು. ಬೆನ್ನಲ್ಲೇ 'ಸ್ಟೋರಿ ಆಫ್ ಯಾನ್‌ಶಿ ಪ್ಯಾಲೇಸ್'ನಂಥವು ಉಪಗ್ರಹ ವಾಹಿನಿಗಳಿಂದ ಸರಿದವು. ಅದೇ ವರ್ಷ ಗಣರಾಜ್ಯದ 70ನೇ ವರ್ಷಾಚರಣೆಗಾಗಿ ಆಗಸ್ಟಿನಿಂದ ನೂರು ದಿನ ಉಪಗ್ರಹ ವಾಹಿನಿಗಳಲ್ಲಿ ರಾಜರ ಕಾಲದ ಉಡುಪಿನ ಧಾರಾವಾಹಿಗಳಿಗೆ ತಡೆ ಬಿತ್ತು. ಹೀಗಾಗಿ ದೊಡ್ಡ ಧಾರಾವಾಹಿಯೂ ಮುನ್ಸೂಚನೆಯಿಲ್ಲದೆ ಒಂದು ಬೆಳಿಗ್ಗೆ 'ಇಂದು ರಾತ್ರಿಯಿಂದ' ಎಂದು ಪ್ರಕಟವಾಗುವುದುಂಟು.

ಒಬ್ಬ ನಟ ಬಿದ್ದರೆ

ಎಲ್ಲ ಕಂತೂ ಮೊದಲೇ ಸಿದ್ಧವಾಗಿರುವ ವ್ಯವಸ್ಥೆಯಲ್ಲಿ ನಟನ ಹೆಸರು ಕೆಟ್ಟರೆ ಇಡೀ ಧಾರಾವಾಹಿ ಮುಳುಗುತ್ತದೆ. ನಾಯಕ ನಟ ಕ್ರಿಸ್ ವು 2021ರ ಜುಲೈ ಕೊನೆಯಲ್ಲಿ ಬಂಧನಕ್ಕೊಳಗಾಗಿ, 2022ರ ನವೆಂಬರಿನಲ್ಲಿ ಅತ್ಯಾಚಾರ ಮತ್ತಿತರ ಅಪರಾಧಗಳಿಗಾಗಿ 13 ವರ್ಷಗಳ ಶಿಕ್ಷೆ ಪಡೆದ. ಅವನೊಂದಿಗೆ ಯಾಂಗ್ ಝಿ ನಟಿಸಿ ಮುಗಿಸಿದ್ದ 'ದಿ ಗೋಲ್ಡನ್ ಹೇರ್‌ಪಿನ್' ತೆರೆ ಕಾಣಲಿಲ್ಲ. ಎರಡನೇ ಮಹಾಯುದ್ಧದ ಯುದ್ಧಾಪರಾಧಿಗಳನ್ನೂ ಸ್ಮರಿಸುವ ಕಾರಣ ಚೀನೀಯರನ್ನು ಕೆರಳಿಸುವ ಜಪಾನಿನ ಯಾಸುಕುನಿ ಮಂದಿರದ ಬಳಿ ತೆಗೆಸಿಕೊಂಡಿದ್ದ ಹಳೆಯ ಫೋಟೊಗಳು 2021ರ ಆಗಸ್ಟಿನಲ್ಲಿ ಹೊರಬಂದಾಗ ಝಾಂಗ್ ಝೆಹಾನ್ ಅವರ ಜಾಹೀರಾತು ಒಪ್ಪಂದಗಳು ರದ್ದಾದವು, ಆರು ತಿಂಗಳ ಹಿಂದೆಯಷ್ಟೇ ಗೆದ್ದಿದ್ದ 'ವರ್ಡ್ ಆಫ್ ಆನರ್' ಚೀನೀ ವೇದಿಕೆಯಿಂದ ಇಳಿಯಿತು. ಕೆಲವು ನಿರ್ಮಾಪಕರು ಬಿದ್ದ ನಟರ ಮುಖದ ಮೇಲೆ ಕಂಪ್ಯೂಟರಿನಿಂದ ಬೇರೆಯವರ ಮುಖ ಕೂರಿಸಿ ಧಾರಾವಾಹಿಯನ್ನು ಉಳಿಸಿಕೊಂಡದ್ದೂ ಉಂಟು. ಫಲಿತಾಂಶ ನೋಡಲು ಒಂದು ಬಗೆಯಾಗಿರುತ್ತದೆ.

ಅಭಿಮಾನಿಯೇ ದೂರುದಾರನಾದಾಗ

ಸೆನ್ಸಾರ್ ಎಂದರೆ ಮೇಲಿನವರು ಕೆಳಗಿನವರ ಮೇಲೆ ಹೇರುವುದು ಎಂಬ ಸರಳ ಚಿತ್ರ ಇಲ್ಲಿ ಸಾಲುವುದಿಲ್ಲ. ಯಾವುದೇ ನಾಗರಿಕ ದೂರು ಕೊಡಬಹುದಾದ ವ್ಯವಸ್ಥೆಯಿರುವುದರಿಂದ ಅಭಿಮಾನಿಗಳು ಅದನ್ನು ಎದುರಾಳಿಗಳ ಮೇಲೆ ಅಸ್ತ್ರವಾಗಿ ಬಳಸುತ್ತಾರೆ. 2020ರ ಫೆಬ್ರವರಿ 27ರ ಪ್ರಸಂಗ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಶಿಯಾವ್ ಝಾನ್ ಅವರನ್ನು ತಮಗೆ ಸಲ್ಲದ ರೀತಿಯಲ್ಲಿ ಚಿತ್ರಿಸಿದ ಅಭಿಮಾನಿ ಕಥೆಯೊಂದರಿಂದ (ತಾರೆಯರನ್ನೋ ಪಾತ್ರಗಳನ್ನೋ ಇಟ್ಟುಕೊಂಡು ಅಭಿಮಾನಿಗಳೇ ಕಲ್ಪಿಸಿ ಬರೆಯುವ ಕಥೆ) ಕೆರಳಿದ ಅವರ ಒಂಟಿ ಅಭಿಮಾನಿಗಳು, ಆ ಕಥೆಯಿದ್ದ ಎಒ3 ಎಂಬ ವಿದೇಶೀ ತಾಣದ ವಿರುದ್ಧ ಸಾಮೂಹಿಕವಾಗಿ ದೂರು ಕೊಟ್ಟರು. ಎರಡೇ ದಿನಗಳಲ್ಲಿ ಆ ತಾಣ ಚೀನಾದಲ್ಲಿ ತೆರೆಯದಂತಾಯಿತು. ಅಲ್ಲಿ ಬರೆಯುತ್ತಿದ್ದ, ಓದುತ್ತಿದ್ದ ಬೇರೆಲ್ಲ ಗುಂಪುಗಳವರು ತಿರುಗಿಬಿದ್ದು ಶಿಯಾವ್ ಪ್ರಚಾರ ಮಾಡುತ್ತಿದ್ದ ಬ್ರ್ಯಾಂಡ್‌ಗಳನ್ನು ಬಹಿಷ್ಕರಿಸಿದರು. ನಟ ಸ್ವತಃ ಏನೂ ಮಾಡಿರಲಿಲ್ಲ.

ಇಂಥ ಘಟನೆಗಳು ಸಾಲುಸಾಲಾಗಿ ನಡೆದ ಮೇಲೆ, 2021ರ ಆಗಸ್ಟಿನಲ್ಲಿ ಇಂಟರ್‌ನೆಟ್ ನಿಯಂತ್ರಣ ಇಲಾಖೆಯು ಹತ್ತು ಕ್ರಮಗಳನ್ನು ಪ್ರಕಟಿಸಿ ತಾರೆಯರ ಜನಪ್ರಿಯತಾ ಪಟ್ಟಿಗಳನ್ನು ರದ್ದುಮಾಡಿತು. ಪಟ್ಟಿಗಳು ಹೋದವು, ಪೈಪೋಟಿ ಬೇರೆ ಅಂಕಿಗಳಿಗೆ ವರ್ಗವಾಯಿತು.

ಗುಣಮಟ್ಟ: ಕಂತು, ಪರದೆ, ಅಂಕ

ಧಾರಾವಾಹಿಯನ್ನು ಕಂತಿನ ಲೆಕ್ಕದಲ್ಲಿ ಮಾರುವ ಕಡೆ ಕಂತು ಹೆಚ್ಚಿದಷ್ಟೂ ಲಾಭ ಹೆಚ್ಚು. 'ಎಂಪ್ರೆಸಸ್ ಇನ್ ದಿ ಪ್ಯಾಲೇಸ್' 76 ಕಂತು, 'ಯಾನ್‌ಶಿ ಪ್ಯಾಲೇಸ್' 70, 'ರೂಯೀ' 87. ಇವುಗಳಲ್ಲಿ ಕಥೆಗೆ ಅಷ್ಟು ಹರಹು ಇತ್ತೆಂದು ಒಪ್ಪುವವರೂ ಉಳಿದ ಎಷ್ಟೋ ಧಾರಾವಾಹಿಗಳನ್ನು 'ನೀರು ಬೆರೆಸಿದ್ದು' ಎಂದೇ ಕರೆಯುತ್ತಾರೆ. 2020ರ ಫೆಬ್ರವರಿಯಲ್ಲಿ ಪ್ರಸಾರ ಆಡಳಿತವು 40 ಕಂತು ಮೀರಬಾರದು, 30ರೊಳಗಿದ್ದರೆ ಒಳ್ಳೆಯದು ಎಂದಿತು. ಇದಕ್ಕೂ ಉಪಾಯ ಸಿಕ್ಕಿತು. 2022ರ 'ಲವ್ ಲೈಕ್ ದಿ ಗ್ಯಾಲಕ್ಸಿ' ಚೀನೀ ಭಾಷೆಯಲ್ಲಿ ಎರಡು ಬೇರೆ ಹೆಸರುಗಳ ಎರಡು ಧಾರಾವಾಹಿಗಳಾಗಿ ಒಂದರ ಹಿಂದೆ ಒಂದು ಬಂತು: ಒಂದು 27 ಕಂತು, ಇನ್ನೊಂದು 29.

ನಿಯಮ ಹುಟ್ಟಿಸಿದ್ದು ಜಾಣತನವನ್ನಷ್ಟೇ ಅಲ್ಲ. ಐಚಿಯಿ 2020ರಲ್ಲಿ ಹನ್ನೆರಡು ಕಂತುಗಳ ಅಪರಾಧ ಕಥೆಗಳ ಮಾಲೆಯೊಂದನ್ನು ತಂದಾಗ 'ದಿ ಬ್ಯಾಡ್ ಕಿಡ್ಸ್' ದೇಶದ ಮಾತಾಯಿತು. ಅದನ್ನು ನಿರ್ದೇಶಿಸಿದ ಶಿನ್ ಶುವಾಂಗ್ 2023ರಲ್ಲಿ ಟೆನ್ಸೆಂಟ್‌ಗೆ ಮಾಡಿದ 'ದಿ ಲಾಂಗ್ ಸೀಸನ್' ಕೂಡ ಹನ್ನೆರಡೇ ಕಂತು. ಈಶಾನ್ಯ ಚೀನಾದ ಕಾರ್ಖಾನೆ ಊರಿನ ಮಾಜಿ ರೈಲು ಚಾಲಕನೊಬ್ಬನ ಈ ಕಥೆಯಲ್ಲಿ ಒಬ್ಬ ಟ್ರಾಫಿಕ್ ತಾರೆಯೂ ಇರಲಿಲ್ಲ.

ಇನ್ನೊಂದು ದೂರು ಗ್ರೀನ್ ಮ್ಯಾಟ್ ಮತ್ತು ಡ್ಯೂಪ್‌ಗಳದ್ದು. 2017ರ 'ಜನರಲ್ ಆ್ಯಂಡ್ ಐ' ಈ ಕಾರಣಕ್ಕೆ ತೀವ್ರ ಟೀಕೆಗೆ ಗುರಿಯಾಯಿತು. ನಟರು ಸೆಟ್ಟಿನಲ್ಲಿದ್ದರೋ ಅಥವಾ ಅವರ ಚಿತ್ರವನ್ನು ಆಮೇಲೆ ಅಂಟಿಸಿದರೋ ಎಂದು ಪ್ರೇಕ್ಷಕರು ಅಂಚುಗಳನ್ನು ಹಿಗ್ಗಿಸಿ ನೋಡಿದರು. ಹಲವು ಧಾರಾವಾಹಿಗಳಿಗೆ ಒಟ್ಟಿಗೇ ದಿನ ಕೊಟ್ಟಿರುವ ತಾರೆಯ ದಿನಗಳು ಕಡಿಮೆ, ಕಂತುಗಳು ಹೆಚ್ಚು ಎಂಬುದೇ ಇದರ ಮೂಲ. ಮುಖದ ಪ್ರತಿ ಗೆರೆಯನ್ನೂ ಅಳಿಸುವ ಫಿಲ್ಟರ್‌ಗಳ ಬಗ್ಗೆಯೂ ಗೊಣಗಾಟವಿದೆ.

ಎಲ್ಲ ವಾದಗಳೂ ಕೊನೆಗೆ ಬಂದು ನಿಲ್ಲುವುದು ದೌಬಾನ್ ಎಂಬ ವಿಮರ್ಶಾ ತಾಣದ ಅಂಕಪಟ್ಟಿಯಲ್ಲಿ. ಅಲ್ಲಿ ಬಳಕೆದಾರರು ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ, ಅದು ಹತ್ತರ ಮಾಪನಕ್ಕೆ ಬದಲಾಗುತ್ತದೆ. ಅಂಕ ತೆರೆದ ದಿನ ಅಭಿಮಾನಿಗಳು ಐದು ನಕ್ಷತ್ರಗಳನ್ನೂ ಎದುರಾಳಿಗಳು ಒಂದೇ ನಕ್ಷತ್ರವನ್ನೂ ಸುರಿಯುವುದು ವಾಡಿಕೆ. ಆದ್ದರಿಂದ ಬಲ್ಲವರು ಸರಾಸರಿಯನ್ನು ನೋಡುವುದಿಲ್ಲ, ನಕ್ಷತ್ರಗಳ ಹಂಚಿಕೆಯನ್ನು ನೋಡುತ್ತಾರೆ. ಎರಡು ತುದಿಗಳು ಮಾತ್ರ ಎತ್ತರವಿದ್ದರೆ ಅಲ್ಲಿ ನಡೆದದ್ದು ಅಭಿಮಾನಿಗಳ ಕಾಳಗ. ಮೂರು, ನಾಲ್ಕು ನಕ್ಷತ್ರಗಳು ತುಂಬಿದ್ದರೆ ಜನ ಧಾರಾವಾಹಿಯನ್ನು ನಿಜವಾಗಿ ನೋಡಿದ್ದಾರೆ.

ಇಲ್ಲಿಂದ ನೋಡುವವರಿಗೆ

ಭಾರತ ಸರ್ಕಾರವು 2020ರ ಜೂನ್‌ನಲ್ಲಿ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅಭಿಮಾನಿಗಳ ಮುಖ್ಯ ಕಟ್ಟೆಯಾದ ಚೀನೀ ಸಾಮಾಜಿಕ ಜಾಲತಾಣ ವೈಬೊ ಇತ್ತು. ನವೆಂಬರಿನಲ್ಲಿ ನಿಷೇಧಿಸಿದ 43ರಲ್ಲಿ ಟೆನ್ಸೆಂಟ್ ವಿಡಿಯೊದ ವಿದೇಶೀ ರೂಪವಾದ ವೀಟಿವಿ ಮತ್ತು ಮ್ಯಾಂಗೊ ಟಿವಿ ಇದ್ದವು. ಹೀಗಾಗಿ ಇಲ್ಲಿನವರಿಗೆ ಧಾರಾವಾಹಿ ತಲುಪುವುದು ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂಥ ಬಳಸುದಾರಿಗಳಲ್ಲಿ, ಜಗಳ ತಲುಪುವುದು ಅನುವಾದಕರ ಕೈ ದಾಟಿ. ಹೊರದೇಶದ ವೇದಿಕೆಯಲ್ಲಿ ನೋಡಿದರೆ ಕತ್ತರಿ ಬೀಳದ ಮೂಲ ಸಿಗಬಹುದೆಂದು ಹಲವರು ನಂಬಿದ್ದಾರೆ. ಸಾಮಾನ್ಯವಾಗಿ ಹೊರಗೆ ಮಾರಾಟವಾಗುವುದೂ ಒಳಗೆ ಪರವಾನಗಿ ಪಡೆದ ಅದೇ ಪ್ರತಿ.

2025ರ ಆಗಸ್ಟಿನಲ್ಲಿ ಪ್ರಸಾರ ಆಡಳಿತವು ಕಂತುಗಳ ಸಂಖ್ಯೆ, ಒಂದು ಸೀಸನ್‌ಗೂ ಮತ್ತೊಂದಕ್ಕೂ ನಡುವಿನ ಅಂತರ, ಐತಿಹಾಸಿಕ ಉಡುಪಿನ ಧಾರಾವಾಹಿಗಳು ಮತ್ತು ಪೂರ್ವ ಪರಿಶೀಲನೆ ಕುರಿತ ತನ್ನ ನೀತಿಗಳನ್ನು ಸುಧಾರಿಸುವುದಾಗಿ ಪ್ರಕಟಿಸಿತು. ಅಂತಿಮ ಪರಿಶೀಲನೆ ಮಾತ್ರ ಇದ್ದಲ್ಲೇ ಇದೆ, ವಯೋವರ್ಗಗಳ ಮಾತು ಅದರಲ್ಲಿ ಬಂದಿಲ್ಲ. 40ರ ಮಿತಿ ಸಡಿಲವಾಗಲಿದೆ ಎಂಬ ಸುದ್ದಿ ಹಬ್ಬಿದ ಕೂಡಲೇ ಪ್ರೇಕ್ಷಕರು ಎರಡು ಪಾಲಾದರು: ದೊಡ್ಡ ಕಾದಂಬರಿಗಳಿಗೆ ಇನ್ನು ಉಸಿರಾಡಲು ಜಾಗ ಸಿಕ್ಕಿತು ಎಂದವರು ಕೆಲವರು, ನೀರು ಬೆರೆಸುವುದು ಮತ್ತೆ ಶುರುವಾಯಿತು ಎಂದವರು ಕೆಲವರು.